ಗೆಜೆಟಿಯರುಗಳಲ್ಲಿ ಕರಾವಳಿಯ ಉಸುಕುಪಟ್ಟಿ: ಒಂದು ವಿಮರ್ಶೆ

ಕನ್ನಡ ಕರಾವಳಿಯ ಇತಿಹಾಸವನ್ನು ಅಭ್ಯಸಿಸುವವರಿಗೆ ಜಿಲ್ಲಾ ಗೆಜೆಟಿಯರುಗಳು ಪ್ರಾಥಮಿಕ ಆಕರಗಳಾಗಿವೆ. ಅವುಗಳಲ್ಲಿ ಜೇಮ್ಸ್ ಕ್ಯಾಂಬೆಲ್ಲರ ಸಂಪಾದಕತ್ವದಲ್ಲಿ 1883ರಲ್ಲಿ ಪ್ರಕಟವಾದ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟವು ಅಗ್ರಗಣ್ಯವಾದುದು. ಅದು ಕೂಡಿಟ್ಟ ಸಾಮಗ್ರಿಗೆ ನಾವೆಲ್ಲರೂ ಋಣಿಗಳು. ಆದರೆ ಅದರ ರಚನಾಕ್ರಮದಲ್ಲಿ ಒಂದು ದೋಷವುಂಟು. ನಿಸರ್ಗವರ್ಣನೆಯು ಮೊದಲನೆಯ ಭಾಗದಲ್ಲಿದೆ. ಇತಿಹಾಸವೂ ಸ್ಥಳವರ್ಣನೆಯೂ ಎರಡನೆಯ ಭಾಗದಲ್ಲಿವೆ. 1973ರ ದಕ್ಷಿಣ ಕನ್ನಡ ಹಾಗೂ 1985ರ ಉತ್ತರ ಕನ್ನಡ ಗೆಜೆಟಿಯರುಗಳಲ್ಲಿಯೂ ಭೂವಿವರಣೆ ಮುಗಿದ ಮೇಲೆಯೇ ಇತಿಹಾಸದ ಅಧ್ಯಾಯವು ಆರಂಭವಾಗುತ್ತದೆ. ಕರಾವಳಿಯೆಂಬುದು ಸ್ಥಿರವಾದೊಂದು ರಂಗಭೂಮಿ, ಅದರ ಮೇಲೆ ಅರಸರೂ ವರ್ತಕರೂ ಬಂದುಹೋದರು ಎಂಬ ಭಾವನೆ ಇದರಿಂದ ಓದುಗನಲ್ಲಿ ಬೇರೂರುತ್ತದೆ.

ಈ ಭಾವನೆ ಸರಿಯಲ್ಲವೆಂಬುದಕ್ಕೆ ನದೀಮುಖಗಳ ಉಸುಕುಪಟ್ಟಿಗಳೇ ಸಾಕ್ಷಿ. ಅಮೇರಿಕೆಯ ಪೂರ್ವ ತೀರದಲ್ಲಿರುವಂಥ ಉದ್ದವಾದ ತಡೆದ್ವೀಪಗಳು ನಮ್ಮಲ್ಲಿಲ್ಲ. ನಮ್ಮಲ್ಲಿರುವವು ಒಂದು ತುದಿಯಲ್ಲಿ ನೆಲಕ್ಕಂಟಿಕೊಂಡು, ಇನ್ನೊಂದು ತುದಿಯನ್ನು ಅಳಿವೆಯತ್ತ ಚಾಚಿದ ಪಟ್ಟಿಗಳು: ಮಂಗಳೂರಿನ ಬೆಂಗ್ರೆ ಮತ್ತು ಉಳ್ಳಾಲ, ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆ, ಹೊನ್ನಾವರದ ಬಳಿಯ ಕಾಸರಕೋಡ ಟೊಂಕ. ಸಹ್ಯಾದ್ರಿಯ ಹೊಳೆಗಳು ತಂದ ಉಸುಕನ್ನು ಕಡಲು ದಂಡೆಗುಂಟ ಸರಿಸಿ ಇವನ್ನು ಕಟ್ಟುತ್ತದೆ. ಮಳೆಗಾಲದ ತೆರೆಗಳು ದಂಡೆಯ ಉಸುಕನ್ನು ಒಳಗೆಳೆದೊಯ್ದು, ಶಾಂತ ತಿಂಗಳುಗಳಲ್ಲಿ ಬಹುಪಾಲು ಮರಳಿಸುತ್ತವೆ. ಅಡಂಬು ಬಳ್ಳಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಹೊಳೆಯ ನೆರೆಗೂ ಕಡಲಿನ ತೆರೆಗೂ ಅನುಸಾರವಾಗಿ ಪಟ್ಟಿಯ ತುದಿಯೂ ಅಳಿವೆಯ ಬಾಯಿಯೂ ಸ್ಥಾನ ಬದಲಿಸುತ್ತವೆ.

ಇಂಥ ಅಳಿವೆಯೇ ಬಂದರಿನ ಬಾಗಿಲೆಂಬುದನ್ನು ಇತಿಹಾಸಕಾರನು ಮರೆಯಲಾಗದು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು ಆ ಪಟ್ಟಣವು ದೊಡ್ಡ ಹಡಗುಗಳು ಪ್ರವೇಶಿಸಬಲ್ಲ ಹಿನ್ನೀರಿನ ದಂಡೆಯಲ್ಲಿದ್ದುದನ್ನು ಗುರುತಿಸಿದ್ದಾನೆ. ಅಲ್ಲಿಂದ ಮುಂದೆ ಆ ಬಂದರಿನ ಏರಿಳಿತಗಳನ್ನು ನಾವು ಪೋರ್ತುಗೀಜರ, ಕೆಳದಿಯ ನಾಯಕರ, ಹೈದರನ ಹೆಸರಿನಲ್ಲಿಯೇ ಎಣಿಸುತ್ತೇವೆ. ಅಳಿವೆಯ ಆಳವನ್ನು ಕೇಳುವುದಿಲ್ಲ. ಉಸುಕೇ ಬಂದರುಗಳನ್ನು ಕೆಡಿಸಿತೆನ್ನುವುದು ಇನ್ನೊಂದು ಅತಿರೇಕವಾದೀತು. ಆದರೆ ಪ್ರಶ್ನೆಯನ್ನೇ ಕೇಳದಿರುವುದು ಶಾಸ್ತ್ರೀಯವಲ್ಲ. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿ, ದಕ್ಷಿಣ ಕೆನರಾ ಮದರಾಸಿನಲ್ಲಿಯೇ ಉಳಿದುದರಿಂದ, ಒಂದೇ ದಂಡೆಯ ವೃತ್ತಾಂತವು ಎರಡು ಗ್ರಂಥಮಾಲೆಗಳಲ್ಲಿ ಹಂಚಿಹೋಗಿ ಈ ತೊಡಕು ಹೆಚ್ಚಿತು.

ಇದು ಕೇವಲ ವಿದ್ವತ್ತಿನ ವಿಷಯವಲ್ಲ. ದೋಣಿಗಳ ಸುಗಮ ಸಂಚಾರಕ್ಕಾಗಿ 1990ರ ದಶಕದಲ್ಲಿ ನೇತ್ರಾವತಿ-ಗುರುಪುರ ಅಳಿವೆಯ ಎರಡೂ ಬದಿಗೆ ಕಲ್ಲಿನ ಅಲೆತಡೆಗೋಡೆಗಳನ್ನು ಕಟ್ಟಲಾಯಿತು. ಅಲ್ಲಿಂದೀಚೆಗೆ ದಕ್ಷಿಣದ ಉಳ್ಳಾಲದಲ್ಲಿ ಕೊರೆತವು ಉಲ್ಬಣಿಸಿತು. ಅಮೇರಿಕೆಯ ಮೇರಿಲ್ಯಾಂಡಿನಲ್ಲಿ 1933ರ ಚಂಡಮಾರುತವು ತೆರೆದ ಕಡಲ್ಬಾಗಿಲನ್ನು ಇಂಥವೇ ಗೋಡೆಗಳಿಂದ ಭದ್ರಪಡಿಸಿದಾಗ, ಉತ್ತರದ ಓಷನ್ ಸಿಟಿಯ ಬದಿಗೆ ಉಸುಕು ತುಂಬಿತು. ದಕ್ಷಿಣದ ಆಸಟೀಗ್ ದ್ವೀಪವು ಉಸುಕಿಲ್ಲದೆ ನೂರಾರು ಮೀಟರು ಹಿಂದೆ ಸರಿಯಿತು. ಇತ್ತ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾದ ಮೇಲೆ ಆ ಹೊಳೆಯ ನೆರೆಯೂ ಹೂಳೂ ಮೊದಲಿನಂತೆ ಉಳಿಯಲಿಲ್ಲ. ಹೀಗಿದ್ದರೂ ‘ಕಡಲ್ಕೊರೆತ’ವೆಂಬ ಒಂದೇ ಮಾತಿನಿಂದ ಹೊಣೆಯನ್ನೆಲ್ಲ ಕಡಲಿನ ಮೇಲೆ ಹೊರಿಸುತ್ತೇವೆ. ಮನುಷ್ಯಕೃತವಾದುದನ್ನು ದೈವಕೃತವೆಂದು ಬರೆದುಬಿಟ್ಟರೆ, ಮನೆ ಕಳೆದುಕೊಂಡ ಮೀನುಗಾರನು ನ್ಯಾಯ ಕೇಳಲು ಆಧಾರವೇ ಉಳಿಯುವುದಿಲ್ಲ. ಟೊಂಕದ ದಂಡೆಯಲ್ಲಿ ಬಂದರು ಯೋಜನೆಯನ್ನು ಮೀನುಗಾರರು ವಿರೋಧಿಸಿದಾಗಲೂ, ಆ ಉಸುಕಿನ ಪೂರ್ವಚರಿತ್ರೆಯನ್ನು ಹೇಳಬಲ್ಲ ಗ್ರಂಥವನ್ನು ಇತಿಹಾಸಕಾರರಾದ ನಾವು ಅವರ ಕೈಗೆ ಕೊಟ್ಟಿರಲಿಲ್ಲ.

ಆದುದರಿಂದ ಗೆಜೆಟಿಯರಿನ ಎರಡು ಭಾಗಗಳನ್ನು ಕೂಡಿಸಿ ಓದುವ ಕ್ರಮವು ನಮ್ಮಲ್ಲಿ ಬೆಳೆಯಬೇಕು. ಹಳೆಯ ನೌಕಾನಕ್ಷೆ, ಮೋಜಣಿಯ ನಕಾಶೆ, ಜಮೀನಿನ ದಾಖಲೆ, ದಂಡೆಯ ಜನರ ನೆನಪು ಇವುಗಳನ್ನು ಶಾಸನ-ಬಖೈರುಗಳಷ್ಟೇ ಗೌರವದಿಂದ ಪರಿಶೀಲಿಸಬೇಕು. ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವು ಕಾರವಾರದ ಕೋಡಿಬಾಗದಲ್ಲಿ, ಕಾಳಿಯ ಅಳಿವೆಯ ಸಮೀಪದಲ್ಲಿಯೇ ಇದೆ. ಧಾರವಾಡದ ಇತಿಹಾಸ ವಿದ್ಯಾರ್ಥಿಯು ಘಟ್ಟವಿಳಿದು ಅಲ್ಲಿಯವರೊಡನೆ ಒಂದು ಮಳೆಗಾಲ ಕೆಲಸ ಮಾಡಿದರೆ, ಗೆಜೆಟಿಯರು ಬಿಟ್ಟುಹೋದ ಅಧ್ಯಾಯವನ್ನು ಬರೆಯುವ ಕಾರ್ಯಕ್ಕೆ ಆರಂಭ ದೊರೆತೀತು.