ಲಾರಿ ಮಗುಚಿದರೆ ಅಪಘಾತ, ಸೂಜಿ ಚುಚ್ಚಿದರೆ?

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ‘ದೊಡ್ಡ ಅಪಘಾತ’ ಎಂದರೇನು ಎಂಬುದಕ್ಕೆ ವಿವರಣೆಯಿದೆ. ಆಸ್ಪತ್ರೆ ಕಸದ ಲಾರಿ ಮಗುಚಿದರೆ, ಆ ಕಸ ಕೆರೆಗೋ ಹೊಳೆಗೋ ಸೇರಿದರೆ ಅದು ದೊಡ್ಡ ಅಪಘಾತ. ಸೂಜಿ ಚುಚ್ಚಿದ್ದು ಇದರಲ್ಲಿ ಸೇರುವುದಿಲ್ಲ ಎಂದು ಅದೇ ವಾಕ್ಯ ಬಿಡಿಸಿ ಹೇಳುತ್ತದೆ. ಲಾರಿಯ ಸುದ್ದಿಯನ್ನು ಕೂಡಲೇ ತಿಳಿಸಿ, 24 ಗಂಟೆಯೊಳಗೆ ಲಿಖಿತ ವರದಿ ಕೊಡಬೇಕು. ಸೂಜಿಯ ಸುದ್ದಿ ಮರುವರ್ಷ ಜೂನ್ 30ರೊಳಗೆ ಹೋಗುವ ವಾರ್ಷಿಕ ವರದಿಗೆ ಕಾಯಬಹುದು.

ನಿಯಮ ಪೂರ್ತಿ ಕೆಟ್ಟದ್ದಲ್ಲ. ಹಳದಿ, ಕೆಂಪು ಚೀಲ, ನೀಲಿ ಡಬ್ಬ, ಸೂಜಿಗೆಂದೇ ತೂತುಬೀಳದ ಬಿಳಿ ಡಬ್ಬ ಎಂಬ ಬಣ್ಣದ ಲೆಕ್ಕ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಲಸಿಕೆಯ ಮಾತು. ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು, ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸಬೇಕು. ಖಾಯಂ ನೌಕರರಿಗೆ ಮಾತ್ರ ಎಂದು ಅಲ್ಲಿಲ್ಲ. ಗುತ್ತಿಗೆಯ ಆಯಾ ಕೂಡ ಕೇಳಿ ಪಡೆಯಬಹುದಾದ ಹಕ್ಕಿದು. ಸೂಜಿ ಎಂದೊಡನೆ ನಮಗೆಲ್ಲ ಎಚ್‌ಐವಿ ಭಯ. ಆದರೆ ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವುದು ಸಾವಿರಕ್ಕೆ ಸುಮಾರು ಮೂವರಿಗೆ. ಲಸಿಕೆ ಪಡೆಯದವರಲ್ಲಿ ಹೆಪಟೈಟಿಸ್ ಬಿ ತಗಲುವುದು ನೂರಕ್ಕೆ 6ರಿಂದ 30 ಮಂದಿಗೆ. ಒಣಗಿದ ರಕ್ತದಲ್ಲೂ ಆ ವೈರಸ್ ಏಳು ದಿನ ಬದುಕಬಲ್ಲದು. ಮೂರು ಡೋಸು ಇದನ್ನು ತಡೆಯುತ್ತದೆ.

ನಿಯಮ ಸೋಲುವುದು ಸೂಜಿ ಚುಚ್ಚಿದ ಮೇಲೆ. ಕನಕಪುರ ತಾಲ್ಲೂಕಿನ ಕಾಡಂಚಿನ ಕೋಡಿಹಳ್ಳಿ ಕಡೆಯೋ ಮಾಗಡಿಯ ಕುದೂರಿನ ಕಡೆಯೋ ನಡುರಾತ್ರಿ ಹೆರಿಗೆ ಮಾಡಿಸುತ್ತಿರುವ ಸ್ಟಾಫ್ ನರ್ಸ್ ಒಬ್ಬರನ್ನು ನೆನೆಯಿರಿ. ಹೊಲಿಗೆ ಸೂಜಿ ಗ್ಲೌಸ್ ದಾಟಿ ಬೆರಳಿಗೆ ನಾಟುತ್ತದೆ. ಸೋಪು ನೀರಲ್ಲಿ ತೊಳೆಯಬೇಕು, ಹಿಂಡಬಾರದು. ಅಷ್ಟು ಅವರಿಗೆ ಗೊತ್ತು. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆಯನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ಏನೇ ಆದರೂ 72 ಗಂಟೆ ಮೀರದಂತೆ ಶುರುಮಾಡಿ 28 ದಿನ ನುಂಗಬೇಕು. ಮೊದಲ ಮಾತ್ರೆ ಎಲ್ಲಿದೆ? ತಾಯಿ ಮಗುವನ್ನು ಯಾರ ಕೈಗೆ ಒಪ್ಪಿಸಿ ಹೋಗಬೇಕು? ಕಸದ ನಿಯಮ ಈ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಮಾತಾಡುವುದು ಬೇರೊಂದು ಕಾನೂನು. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ–ಏಡ್ಸ್ ಕಾಯ್ದೆಯ 19ನೇ ಕಲಮಿನ ಪ್ರಕಾರ ಮುನ್ನೆಚ್ಚರಿಕೆಯ ಸಲಕರಣೆ, ತರಬೇತಿ, ಪಿಇಪಿ ಮೂರನ್ನೂ ಆರೋಗ್ಯ ಸಂಸ್ಥೆಯೇ ಒದಗಿಸಬೇಕು. ಎರಡನ್ನೂ ಒಟ್ಟಿಗೆ ಓದಿದರಷ್ಟೇ ಕೆಲಸಗಾರರಿಗೆ ಪೂರ್ತಿ ರಕ್ಷಣೆ ಸಿಗುವುದು. ಗೋಡೆಯ ಮೇಲೆ ಕಾಣುವುದು ಬಣ್ಣದ ಚೀಲದ ಪಟ್ಟಿಯೊಂದೇ ಆದರೆ ಅರ್ಧ ಕಾನೂನನ್ನು ಮಾತ್ರ ಅಂಟಿಸಿದಂತಾಯಿತು.

ಚನ್ನಪಟ್ಟಣದ ಬೀದಿಯಲ್ಲಿ ಬೆಳಗ್ಗೆ ಮನೆಗಸ ಎತ್ತುವ ಪೌರಕಾರ್ಮಿಕರ ಪಾಡು ಇನ್ನೂ ಕಠಿಣ. ನಾವು ಸುತ್ತಿ ಬಿಸಾಡಿದ ಇನ್ಸುಲಿನ್ ಸೂಜಿ ಯಾರದೆಂದು ಅವರಿಗೆ ಗೊತ್ತಾಗುವುದೇ ಇಲ್ಲ.

ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ಪ್ರತಿ ಲಾಟಿನ ತೂಕ, ಬೆಲೆ ಅಂದಂದೇ ದಾಖಲಾಗುತ್ತದೆ. ಸೂಜಿ ಚುಚ್ಚಿದ ಬೆರಳಿಗೂ ಅಂಥದೊಂದು ಪುಸ್ತಕ ಬೇಕು: ಎಷ್ಟು ಗಂಟೆಗೆ ಚುಚ್ಚಿತು, ಮೊದಲ ಮಾತ್ರೆ ಎಷ್ಟು ಗಂಟೆಗೆ ಸಿಕ್ಕಿತು.