ಕೇಳಿದವರಿಗೆ ಒಂದು ಪುಸ್ತಕ

ಕಳೆದ ಭಾನುವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಈ ತಿಂಗಳ ಚೀಟಿ ಎತ್ತಿದೆವು. ಚುರುಮುರಿ ತುಂಬಿಡುವ ಸ್ಟೀಲ್ ಡಬ್ಬಿ, ಅದರೊಳಗೆ ನಾಲ್ಕು ಮಡಿಕೆ ಮಾಡಿದ 62 ಚೀಟಿ. ಎತ್ತುವ ಅಧಿಕಾರ ಪಕ್ಕದ ಮನೆಯ ಮೂರನೇ ಕ್ಲಾಸಿನ ಹುಡುಗಿಯದು. ಮೊಣಕೈವರೆಗೂ ಕೈ ಇಳಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಬಹಳ ಹೊತ್ತು ತಿರುವಿದಳು.

“ಕಾಕಾ, ಇದರಾಗ ನನ್ನ ಹೆಸರು ಅದ ಏನು?”

“ಇಲ್ಲವ್ವ. ನೀ ಬೇಕಂತ ಬರದು ಕೊಟ್ಟಿಲ್ಲಲ್ಲ.”

“ಬರದು ಕೊಟ್ರ ಹಾಕ್ತೀರಿ?”

“ಹಾಕ್ತೀನಿ.”

ಆಗ ಕೈ ಹೊರಗೆ ಬಂತು. ಚೀಟಿಯಲ್ಲಿದ್ದದ್ದು ಕೆಂಭಾವಿಯ ಒಬ್ಬ ಹೆಣ್ಣುಮಗಳ ಹೆಸರು. ಪೋಸ್ಟ್ ಕಾರ್ಡಿನಲ್ಲಿ ಆಕೆ ಬರೆದದ್ದು ಮೂರೇ ಸಾಲು: ಹೊಲಿಗಿ ಕೆಲಸ ಮಾಡ್ತೀನಿ. ಮಧ್ಯಾಹ್ನ ಕರೆಂಟ್ ಹೋದಾಗ ಓದ್ಲಿಕ್ಕ ಏನಾರ ಬೇಕು. ಕಥಿ ಉದ್ದ ಇದ್ರ ಚಲೋ.

ಉದ್ದದ ಕಥೆಯೇ ಆಕೆಗೆ ಸಿಕ್ಕಿದೆ. ಈ ಸಲದ ಪುಸ್ತಕ ಗೀತಾ ನಾಗಭೂಷಣ ಅವರ ‘ಬದುಕು’. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ನಮ್ಮ ಕಲಬುರಗಿಯವರು. ಅದರ ಪಾತ್ರಗಳು ಆಡುವ ಮಾತು ಕೆಂಭಾವಿಯ ಹೊಲಿಗೆ ಅಂಗಡಿಯ ಮುಂದೆ ದಿನವೂ ಕೇಳುವ ಮಾತು. ಅಂಥ ಪುಸ್ತಕ ಅಂಥ ಕೈಗೆ ಹೋಗುವುದಾದರೆ ಚೀಟಿಯ ಮೇಲೆ ನನಗೆ ಇನ್ನಷ್ಟು ನಂಬಿಕೆ ಹುಟ್ಟುತ್ತದೆ.

ಓದುಗರಿಗೆ ತಿಂಗಳಿಗೊಂದು ಪುಸ್ತಕ ಕೊಡಲು ಶುರುಮಾಡಿ ನಾಲ್ಕು ವರ್ಷವಾಯಿತು. ಅದಕ್ಕೂ ಮೊದಲು ನಾನು ಪುಸ್ತಕ ಹಂಚುತ್ತಿದ್ದೆ. ಹಂಚುವುದಕ್ಕೂ ಕೊಡುವುದಕ್ಕೂ ಇರುವ ಅಂತರ ನನಗೆ ತಿಳಿದದ್ದು ಒಂದು ಸಂಸ್ಥೆಯ ಕೋಣೆಯಲ್ಲಿ. ನೂರು ಪುಸ್ತಕ ಆರಿಸಿ, ಕಟ್ಟು ಕಟ್ಟಿ, ಅಲ್ಲಿಗೆ ಕೊಟ್ಟು, ಫೋಟೊ ತೆಗೆಸಿಕೊಂಡು ಬಂದಿದ್ದೆ. ಮೂರು ವರ್ಷದ ಮೇಲೆ ಬೇರೆ ಕೆಲಸಕ್ಕೆ ಹೋದಾಗ ಮೂಲೆಯಲ್ಲಿ ಆ ಕಟ್ಟುಗಳು ಕಂಡವು. ನಾನು ಹಾಕಿದ ಸುತಲಿಯ ಗಂಟು ಹಾಗೇ ಇತ್ತು. ಮೇಲಿನ ಪುಸ್ತಕದ ರಟ್ಟನ್ನು ಗೆದ್ದಲು ತಿಂದಿತ್ತು. ಆ ದಿನ ಮನೆಗೆ ಬಂದು ಊಟ ಮಾಡಲಾಗಲಿಲ್ಲ. ಅವರನ್ನು ಬಯ್ಯಲು ಬಾಯಿ ಬರಲಿಲ್ಲ. ಆ ನೂರರಲ್ಲಿ ಒಂದನ್ನೂ ಅಲ್ಲಿ ಯಾರೂ ಕೇಳಿರಲಿಲ್ಲ.

ಪುಸ್ತಕ ಬಿಡುಗಡೆಗಳಲ್ಲಿ ಕೈಗೆ ಬರುವ ಗೌರವ ಪ್ರತಿಯ ಗತಿಯೂ ಇದೇ. ಹಸ್ತಾಕ್ಷರದ ಹಾಳೆ ಸಮೇತ ರದ್ದಿ ಅಂಗಡಿಯ ತಕ್ಕಡಿ ಏರಿದ ಪ್ರತಿಗಳನ್ನು ನಾನು ಕಿಲೋ ಲೆಕ್ಕದಲ್ಲಿ ಕೊಂಡು ತಂದಿದ್ದೇನೆ. 2021ರ ಆಗಸ್ಟಿನಲ್ಲಿ ಸರ್ಕಾರಿ ಸಮಾರಂಭಗಳಲ್ಲಿ ಹಾರ ತುರಾಯಿ ಶಾಲು ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಎಂದು ಸರ್ಕಾರದ ಸುತ್ತೋಲೆ ಬಂತು. 2023ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರೂ ತಮಗೆ ಹಾರ, ಶಾಲು ಬೇಡ, ಪುಸ್ತಕ ಕೊಡಿ ಎಂದರು. ಒಳ್ಳೆಯ ಮಾತು, ಮನಸಾರೆ ಒಪ್ಪುತ್ತೇನೆ. ಆದರೆ ಹಾರ ಕೊಳ್ಳುವ ಅವಸರದಲ್ಲೇ ಪುಸ್ತಕ ಕೊಂಡರೆ ಹಾರದಂತೆಯೇ ಅದು ಕಾರಿನ ಹಿಂದಿನ ಸೀಟಿನಲ್ಲಿ ಉಳಿಯುತ್ತದೆ. ಇದಕ್ಕಿಂತ ನನಗೆ ಹಿಡಿಸಿದ್ದು ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಿಗಾಗಿ ನಡೆದ ‘ಪುಸ್ತಕ ಜೋಳಿಗೆ’. ಜೋಳಿಗೆ ಹಿಡಿದು ಮನೆ ಮುಂದೆ ನಿಂತವರು ಕೇಳಿದ ಮೇಲೆ ಕೊಟ್ಟ ಪುಸ್ತಕ ಅದು. ಜಂಗಮರ ಜೋಳಿಗೆ ಕಂಡ ಊರುಗಳಿಗೆ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ.

ಹಾಗಾಗಿ ನನ್ನ ಮೊದಲ ಕಟ್ಟಳೆ: ಪುಸ್ತಕ ಬೇಕಾದವರು ಬಾಯಿಬಿಟ್ಟು ಕೇಳಬೇಕು. ಎರಡು ಸಾಲು ಸಾಕು, ಯಾಕೆ ಬೇಕೆಂದು. 50 ಪೈಸೆಯ ಕಾರ್ಡಾದರೂ ಸೈ, ವಾಟ್ಸಾಪಾದರೂ ಸೈ. ಆ ಎರಡು ಸಾಲು ಬರೆಯುವಷ್ಟು ಹೊತ್ತು ಅವರು ಆ ಪುಸ್ತಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಸಿಗದೆ ಹೋದವರೂ ಎಷ್ಟೋ ಸಲ ಅದನ್ನು ಹುಡುಕಿಕೊಂಡು ಹೋಗಿ ಕೊಂಡದ್ದುಂಟು.

ಎರಡನೆಯ ಕಟ್ಟಳೆ ಚೀಟಿ ಎತ್ತುವುದು. ಅದರ ಬಗ್ಗೆ ಗೆಳೆಯರ ತಕರಾರು ಇನ್ನೂ ಮುಗಿದಿಲ್ಲ. ಬಂದ ಪತ್ರಗಳಲ್ಲಿ ಚೆಂದ ಬರೆದದ್ದನ್ನು ಆರಿಸಿ ಕೊಡಿ, ಯೋಗ್ಯರಿಗೆ ಸಿಗುತ್ತದೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕೊನೆ. ಮುಂಚೆ ನಿಜಾಮರ ಆಳ್ವಿಕೆಯಲ್ಲಿ ಸರ್ಕಾರಿ ಶಾಲೆಯ ಪಾಠ ಉರ್ದುವಿನಲ್ಲಿ. ಮನೆಮಾತು ಒಂದು, ಹಲಗೆಯ ಮೇಲಿನ ಅಕ್ಷರ ಇನ್ನೊಂದು. ಕಲಬುರಗಿಯಿಂದ ಬೇರ್ಪಟ್ಟು 2009ರ ಡಿಸೆಂಬರಿನಲ್ಲಿ ಜಿಲ್ಲೆಯಾದ ಈ ಊರುಗಳಲ್ಲಿ ಮನೆಯ ಮೊದಲ ಓದುಗ ಈಗಷ್ಟೇ ಹುಟ್ಟುತ್ತಿದ್ದಾನೆ. ಅವನ ಅಕ್ಷರ ಸೊಟ್ಟ, ಒತ್ತಕ್ಷರ ತಪ್ಪು, ಹೇಳಬೇಕಾದ್ದು ಅರ್ಧಕ್ಕೇ ನಿಂತಿರುತ್ತದೆ. ಚೆಂದದ ಪತ್ರಕ್ಕೆ ಬಹುಮಾನ ಎಂದರೆ ಪುಸ್ತಕ ಪ್ರತಿಸಲವೂ ಈಗಾಗಲೇ ಪುಸ್ತಕ ಇರುವ ಮನೆಗೇ ಹೋಗುತ್ತದೆ. ಕೇಳುವುದು ಕಡ್ಡಾಯ, ಪರೀಕ್ಷೆ ಮಾತ್ರ ಬೇಡ. ಎರಡು ಸಾಲು ಬಂದರೆ ಹೆಸರು ಡಬ್ಬಿಯೊಳಗೆ. ಅಲ್ಲಿಂದ ಮುಂದೆ ಮಗುವಿನ ಕೈ.

ಹಾಗಂತ ಬರೆದವರಿಗೆ ಇಲ್ಲಿ ಬರವಿರಲಿಲ್ಲ. ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನ ಊರು. ಕೆಂಭಾವಿ ಭೋಗಣ್ಣನದು. ಕೊಡೇಕಲ್ಲ ಬಸವಣ್ಣನ ಕಾಲಜ್ಞಾನ ಇಲ್ಲಿಯದು. ‘ಜೈಮಿನಿ ಭಾರತ’ದ ಲಕ್ಷ್ಮೀಶ ನಮ್ಮ ದೇವಪುರದವನೋ ಕಡೂರಿನ ದೇವನೂರಿನವನೋ ಎಂದು ವಿದ್ವಾಂಸರು ವಾದ ಮಾಡಿದ್ದಾರೆ, ಸುರಪುರದ ಜನಕ್ಕೆ ಮಾತ್ರ ಅದರಲ್ಲಿ ಅನುಮಾನವಿಲ್ಲ. ಸುರಪುರದಿಂದ ಕಾರ್ಡು ಬಂದರೆ ಹತ್ತರಲ್ಲಿ ನಾಲ್ವರಾದರೂ ಮೆಡೋಸ್ ಟೇಲರ್‌ನ ಆತ್ಮಕಥೆ ಕೇಳುತ್ತಾರೆ. ಅರಸ ವೆಂಕಟಪ್ಪನಾಯಕನನ್ನು ಬಾಲ್ಯದಿಂದ ಕಂಡ ಆ ಅಧಿಕಾರಿಯ ಪುಸ್ತಕ ಹೊರಬಂದದ್ದು 1877ರಲ್ಲಿ, ಅವನು ತೀರಿಕೊಂಡ ಮರುವರ್ಷ. ಬೆಟ್ಟದ ಮೇಲೆ ಅವನ ಬಂಗಲೆಯನ್ನು ದಿನವೂ ನೋಡುವವರಿಗೆ ಅದು ಓಣಿಯ ಕಥೆ. ಇಷ್ಟೆಲ್ಲ ಇದ್ದೂ ಒಂದು ಕಾದಂಬರಿ ಬೇಕಾದರೆ ನಾನು ಕಲಬುರಗಿಯ ರೈಲು ಹತ್ತುತ್ತೇನೆ.

ಪುಸ್ತಕ ಕೊಡುವ ವಿಷಯದಲ್ಲಿ ನನ್ನ ಗುರು ಅತ್ತಿಮಬ್ಬೆ. ಲಕ್ಕುಂಡಿಯಲ್ಲಿ ಜಿನಾಲಯ ಕಟ್ಟಿಸಿದವಳು, ರನ್ನನಿಂದ ‘ಅಜಿತಪುರಾಣ’ ಬರೆಸಿದವಳು ಎಂದು ಎಲ್ಲರಿಗೂ ಗೊತ್ತು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಕೊಟ್ಟಳೆಂಬುದೂ ಗೊತ್ತು. ಆದರೆ ಆ ಪುಸ್ತಕ ಅವಳ ಕೈಗೆ ಹೇಗೆ ಬಂತು ನೋಡಿ. ಪೊನ್ನ ನಮ್ಮ ನೆರೆಯ ಮಳಖೇಡದ ಕವಿ, ರಾಷ್ಟ್ರಕೂಟ ಮೂರನೇ ಕೃಷ್ಣನ ಆಸ್ಥಾನದವನು. ಆ ಪುರಾಣ ಬರೆಸಿದವರು ಮಲ್ಲಪ ಮತ್ತು ಪುನ್ನಮಯ್ಯ ಎಂಬ ಅಣ್ಣತಮ್ಮಂದಿರು, ತಮ್ಮ ಗುರು ಜಿನಚಂದ್ರದೇವರ ನೆನಪಿಗೆ. ಆ ಮಲ್ಲಪನ ಮಗಳೇ ಅತ್ತಿಮಬ್ಬೆ. ಅಂದರೆ ಅವಳು ಕೊಟ್ಟದ್ದು ಅಪ್ಪ, ಚಿಕ್ಕಪ್ಪ ಬರೆಸಿದ, ತನ್ನ ಮನೆಯದೇ ಆದ ಪುಸ್ತಕ. ತಾನು ಮೆಚ್ಚದ ಪುಸ್ತಕವನ್ನು ಇನ್ನೊಬ್ಬರ ಕೈಗೆ ಇಡಬಾರದು ಎಂಬುದನ್ನು ನಾನು ಕಲಿತದ್ದು ಇಲ್ಲಿ.

ಸಾವಿರ ಪ್ರತಿ ಎಂಬುದನ್ನು ಅಚ್ಚಿನ ಕಾಲದವರು ಹಗುರವಾಗಿ ಓದಿಬಿಡುತ್ತೇವೆ. ತಾಳೆಗರಿ ಹದಮಾಡಿ, ಒಂದಳತೆಗೆ ಕತ್ತರಿಸಿ, ದಾರಕ್ಕೆ ತೂತು ಕೊರೆದು, ಕಬ್ಬಿಣದ ಕಂಟದಿಂದ ಅಕ್ಷರ ಕೆತ್ತಿ, ಮಸಿ ತೀಡಿ ಒರೆಸಿದಾಗ ಕೆತ್ತಿದ ಕಡೆಯಷ್ಟೇ ಕಪ್ಪು ನಿಲ್ಲುತ್ತದೆ. ಮೇಲೊಂದು ಕೆಳಗೊಂದು ಹಲಗೆ ಇಟ್ಟು ಕಟ್ಟಿದರೆ ಒಂದು ಪ್ರತಿ. ಇದನ್ನು ಸಾವಿರ ಸಲ. ಗರಿಯನ್ನು ಹುಳ ತಿನ್ನುತ್ತದೆ, ಥಂಡಿ ತಿನ್ನುತ್ತದೆ, ಕೆಲವು ತಲೆಮಾರಿಗೊಮ್ಮೆ ಮತ್ತೆ ನಕಲು ಮಾಡದಿದ್ದರೆ ಕಾವ್ಯವೇ ಇಲ್ಲವಾಗುತ್ತದೆ. ಪೊನ್ನನದೇ ‘ಭುವನೈಕರಾಮಾಭ್ಯುದಯ’ ಹಾಗೆ ಕಳೆದುಹೋಯಿತು. ‘ಶಾಂತಿಪುರಾಣ’ ನಮ್ಮವರೆಗೆ ಬಂದಿದೆ. ಸಾವಿರ ಕಡೆ ಇದ್ದದ್ದು ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಜೈನರು ಆಹಾರ, ಅಭಯ, ಔಷಧಗಳ ಸಾಲಿನಲ್ಲಿ ಶಾಸ್ತ್ರದಾನವನ್ನು ಇಟ್ಟದ್ದರ ಬೆಲೆ ನನಗೆ ಇದನ್ನು ಯೋಚಿಸಿದಾಗೆಲ್ಲ ಹೊಸದಾಗಿ ತಿಳಿಯುತ್ತದೆ.

ಹೊರದೇಶದಲ್ಲೂ ಒಂದು ಒಳ್ಳೆಯ ಉದಾಹರಣೆ ಇದೆ. 2011ರ ಮಾರ್ಚ್ 5ರಂದು ಬ್ರಿಟನ್ನಿನಲ್ಲಿ ‘ವರ್ಲ್ಡ್ ಬುಕ್ ನೈಟ್’ ನಡೆಸಿದರು. 25 ಪುಸ್ತಕಗಳ ಪಟ್ಟಿ, 20,000 ಮಂದಿ ಕೊಡುವವರು, ಒಬ್ಬೊಬ್ಬರಿಗೆ ತಾವು ಮೆಚ್ಚಿದ ಪುಸ್ತಕದ 48 ಪ್ರತಿ. ಅಷ್ಟು ದೊಡ್ಡ ಲೆಕ್ಕವನ್ನೂ ಅವರು ಒಬ್ಬ ಮನುಷ್ಯ, ಒಂದು ಮೆಚ್ಚಿನ ಪುಸ್ತಕ ಎಂಬ ಅಳತೆಗೆ ಇಳಿಸಿದರು. ನನ್ನ ಅಳತೆ ಅದಕ್ಕಿಂತ ಸಣ್ಣದು, ತಿಂಗಳಿಗೆ ಒಂದೇ. ಆ ಒಂದನ್ನು ಪೂರ್ತಿ ಬೆಲೆ ಕೊಟ್ಟು ಕೊಳ್ಳುತ್ತೇನೆ. ಐನೂರು ಪ್ರತಿ ಅಚ್ಚುಹಾಕಿ ಅದನ್ನು ಮಾರಲು ಪರದಾಡುವ ಪ್ರಕಾಶಕರ ಹತ್ತಿರ, ಬರೆದವರ ಹತ್ತಿರ ಪುಕ್ಕಟೆ ಕೇಳಿ ನಾನು ದಾನಿಯಾಗುವುದು ನ್ಯಾಯವಲ್ಲ.

ಈಗ ಅಂಚೆಯ ಮಾತು. ಪುಸ್ತಕ ಕೊಡುವವರ ಕೈ ಕಚ್ಚುವುದು ಅಂಚೆ ವೆಚ್ಚ. ನೋಂದಾಯಿತ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಾಗ ನೂರೈವತ್ತು ರೂಪಾಯಿಯ ಪುಸ್ತಕ ಕಳಿಸಲು ಆಗುವ ಖರ್ಚು ನೋಡಿ ಎದೆ ಧಸಕ್ಕೆಂದಿತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋ ತೂಕಕ್ಕೆ 100, ಮೇಲೆ ತೆರಿಗೆ. ನೆಲದ ದಾರಿಯಲ್ಲೇ ಹೋಗುತ್ತದೆ, ತಡವಾಗುತ್ತದೆ, ಆದರೆ ಎಲ್ಲಿದೆ ಎಂದು ಫೋನಿನಲ್ಲಿ ನೋಡಬಹುದು. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಅಚ್ಚಾಗಿರಬೇಕು. ಪಿನ್ ಕೋಡಿನಲ್ಲಿ ಎಚ್ಚರ ಬೇಕು. ಶಹಾಪುರ 585223, ಸುರಪುರ 585224. ಒಂದು ಅಂಕಿ ತಪ್ಪಿದರೆ ಪುಸ್ತಕ ಪಕ್ಕದ ಊರು ತಿರುಗಿ ಬರುತ್ತದೆ. ಹಳೆ ವಿಳಾಸಗಳಲ್ಲಿ ಇಂಗ್ಲಿಷಿನಲ್ಲಿ ‘ಶೋರಾಪುರ’ ಎಂದೂ ಇರುತ್ತದೆ, ಅದೂ ಸುರಪುರವೇ. ನಾನು ಊರು, ಓಣಿ, ಗುಡಿ ಎಲ್ಲವನ್ನೂ ಕನ್ನಡದಲ್ಲೇ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. ಮೊದಲು ಹಳೆ ಕ್ಯಾಲೆಂಡರಿನ ಹಾಳೆ, ಅದರ ಮೇಲೆ ಪ್ಲಾಸ್ಟಿಕ್, ಹೊರಗೆ ಖಾಕಿ ಕಾಗದ, ಮೂಲೆಗಳಿಗೆ ರಟ್ಟಿನ ತುಂಡು. ಮೂಲೆ ಮುರಿದ ಪುಸ್ತಕ ಮುಟ್ಟಿದವರ ಮನಸ್ಸು ಅರ್ಧ ಸಣ್ಣದಾಗುತ್ತದೆ.

ಒಳಪುಟದಲ್ಲಿ ನನ್ನ ಹೆಸರು ಬರೆಯುವುದಿಲ್ಲ. ಪಡೆದವರ ಹೆಸರು, ಊರು, ತಾರೀಕು ಇಷ್ಟೇ. ಕೆಳಗೆ ಜಾಗ ಖಾಲಿ. ಓದಿದ ಮೇಲೆ ಬೇರೆಯವರಿಗೆ ಕೊಡುವುದಾದರೆ ಅವರ ಹೆಸರು ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ, ಒತ್ತಾಯವಿಲ್ಲ. ಹೋದ ವರ್ಷ ಶಹಾಪುರಕ್ಕೆ ಹೋಗಿದ್ದ ಒಂದು ಪುಸ್ತಕ ಈ ದೀಪಾವಳಿಯ ಹೊತ್ತಿಗೆ ನನ್ನ ಮನೆಗೇ ತಿರುಗಿ ಬಂತು. ಒಳಪುಟದಲ್ಲಿ ಏಳು ಹೆಸರು, ಐದು ಬಣ್ಣದ ಪೆನ್ನು. ಶಹಾಪುರ, ಸಗರ, ಮತ್ತೆ ಶಹಾಪುರ, ಸುರಪುರ, ಹುಣಸಗಿ, ವಡಗೇರಾ, ಕೊನೆಗೆ ಯಾದಗಿರಿ. ನಾಲ್ಕನೆಯ ಹೆಸರಿನ ಮುಂದೆ ‘ಎರಡು ಸಲ’ ಎಂದು ಸಣ್ಣಗೆ ಬರೆದಿತ್ತು. ನಡುವಿನ ಒಂದು ಪುಟಕ್ಕೆ ಅರಿಶಿಣದ ಬೆರಳು ಹತ್ತಿತ್ತು. 112ನೇ ಪುಟದಲ್ಲಿ ಗುರುತಿಗೆ ಇಟ್ಟ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ ಟಿಕೆಟ್, ಅಕ್ಷರ ಮಾಸಿ ಬರೀ ಬಿಳಿ ಕಾಗದವಾಗಿತ್ತು. ಯಾರೋ ಆ ಪುಟದ ತನಕ ಬಸ್ಸಿನಲ್ಲಿ ಓದಿದ್ದಾರೆ. ಅದನ್ನು ನಾನು ತೆಗೆದಿಲ್ಲ. ಆ ಪುಸ್ತಕವನ್ನೇ ಎಂಟನೆಯ ಹೆಸರಿಗೆ ಮತ್ತೆ ಕಳಿಸಿದ್ದೇನೆ.

ಪಡೆದವರ ಫೋಟೊ ಪತ್ರಿಕೆಯಲ್ಲಿ ಹಾಕಿ ಎನ್ನುವವರಿದ್ದಾರೆ. ಹಾಕುವುದಿಲ್ಲ. ಪುಸ್ತಕ ಕೈಗೆ ಬಂದವರು ಯಾರಿಗೂ ಋಣಿಯಾಗಬೇಕಿಲ್ಲ. ಓದಲೇಬೇಕು ಎಂಬ ಹೆದರಿಕೆಯೂ ಇರಬಾರದು. ಮುಗಿಸಿದಿರಾ ಎಂದು ನಾನು ಒಮ್ಮೆಯೂ ಕೇಳಿಲ್ಲ.

‘ಬದುಕು’ ಸೋಮವಾರ ಅಂಚೆಗೆ ಹಾಕಿದೆ. ತಕ್ಕಡಿಯಲ್ಲಿ 300 ಗ್ರಾಂ ದಾಟಿ ಬಹಳ ಮೇಲೆ ಹೋಯಿತು, ಸಂತೋಷದಿಂದಲೇ ಕೊಟ್ಟೆ. ಮುಂದಿನ ತಿಂಗಳದು ರಾಯಚೂರಿನ ಶಾಂತರಸರ ‘ಸಣ್ಣ ಗೌಡಸಾನಿ’. ಬೇಕಾದವರು ತಿಂಗಳ 20ರೊಳಗೆ ಎರಡು ಸಾಲು ಬರೆಯಿರಿ.

ಮೊದಲ ಕೋರಿಕೆ ಆಗಲೇ ಬಂದಿದೆ. ಮಂಗಳವಾರ ಬೆಳಿಗ್ಗೆ ಬಾಗಿಲ ಸಂದಿಯಲ್ಲಿ ನೋಟ್‌ಬುಕ್ಕಿನ ಹರಿದ ಹಾಳೆ ಸಿಕ್ಕಿತು. ಪೆನ್ಸಿಲ್ಲಿನಲ್ಲಿ, ಗೆರೆ ಬಿಟ್ಟು ಗೆರೆ ಬರೆದಿದೆ: ಕಾಕಾ ನನಗೂ ಬೇಕು. ಚಿತ್ರ ಇದ್ರ ಚಲೋ. ಇಲ್ಲಾಂದ್ರೂ ನಡಿತದ. ಹೆಸರನ್ನು ಡಬ್ಬಿಗೆ ಹಾಕಿದ್ದೇನೆ. ಮುಂದಿನ ಸಲ ಚೀಟಿ ಎತ್ತಲು ಬೇರೆ ಕೈ ಹುಡುಕಬೇಕು.