ಉಂಗುರಕ್ಕೆ ದಕ್ಕದ ಎರೆಮಣ್ಣು

ಬೈಲಹೊಂಗಲ, ಸವದತ್ತಿ ಕಡೆಯ ಎರೆಹೊಲ ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿಯುತ್ತದೆ. ಮಳೆ ಹಿಡಿದರೆ ಉಬ್ಬಿ ಬಿರುಕೆಲ್ಲ ಕೂಡಿಕೊಳ್ಳುತ್ತದೆ. ಬಿಳಿಜೋಳಕ್ಕೂ ಕಡಲೆಗೂ ಹತ್ತಿಗೂ ವರವಾದ ಈ ಗುಣವೇ ಗೋಡೆಗೂ ಕಾಲುವೆಗೂ ಕಂಟಕ. ನವಿಲುತೀರ್ಥದಿಂದ ಹೊರಡುವ ಮಲಪ್ರಭಾ ಕಾಲುವೆಗಳು ಹಾಯುವುದು ಇಂಥ ನೆಲದಲ್ಲೇ. ಈ ಮಣ್ಣಿಗೆ ಬಾಂಬೆ ಐಐಟಿಯ ಪ್ರಾಧ್ಯಾಪಕ ಆರ್.ಕೆ. ಕಟ್ಟಿ ಕೊಟ್ಟ ಉತ್ತರ ‘ಸಿಎನ್‌ಎಸ್ ಪದರ’: ಅಂಟುಗುಣವಿದ್ದೂ ಉಬ್ಬದ ಮಣ್ಣನ್ನು ಎರೆಯ ಮೇಲೆ ಹಾಸಿ, ಅದರ ಮೇಲೆ ಕಾಂಕ್ರೀಟು ಕಟ್ಟುವುದು. ಎಂಜಿನಿಯರುಗಳು ಕಟ್ಟಿಯವರನ್ನು ನೆನೆಯುವುದು ಈ ಪದರಕ್ಕಾಗಿ. ಆದರೆ ಅದಕ್ಕಿಂತ ಹೆಚ್ಚಿನದು ಅವರು ಪ್ರಯೋಗಾಲಯದಲ್ಲಿ ನಿಲ್ಲಿಸಿದ ದೊಡ್ಡ ಪ್ರಮಾಣದ ಪರೀಕ್ಷಾ ಸಲಕರಣೆ ಎಂಬುದು ನನ್ನ ವಾದ.

ವಾಡಿಕೆಯ ಪರೀಕ್ಷೆಯಲ್ಲಿ ಸುಮಾರು 60 ಮಿಲಿಮೀಟರ್ ಅಗಲ, 20 ಮಿಲಿಮೀಟರ್ ದಪ್ಪದ ಮಣ್ಣಿನ ಬಿಲ್ಲೆಯನ್ನು ಉಕ್ಕಿನದೋ ಹಿತ್ತಾಳೆಯದೋ ಉಂಗುರದಲ್ಲಿ ಕೂರಿಸಿ ನೀರುಣಿಸುತ್ತಾರೆ. ಅದು ಉಬ್ಬದಂತೆ ತಡೆಯಲು ಎಷ್ಟು ಭಾರ ಬೇಕೋ ಅದೇ ಉಬ್ಬುವ ಒತ್ತಡ. ಕೆಟ್ಟ ಎರೆಯಲ್ಲಿ ಇದು ಚದರ ಮೀಟರಿಗೆ 30 ಟನ್ನು ಮುಟ್ಟುವುದುಂಟು. ಒಂದು ಘನಮೀಟರ್ ಹಸಿಮಣ್ಣಿನ ತೂಕ 2 ಟನ್ನಿನ ಒಳಗೇ. ಅಂದರೆ ಉಂಗುರದ ಲೆಕ್ಕ ನಂಬಿದರೆ ಆ ಉಬ್ಬನ್ನು ತೂಕದಿಂದಲೇ ಅದುಮಿಡಲು 15 ಮೀಟರಿಗೂ ಮಿಕ್ಕಿ ಮಣ್ಣು ಹೇರಬೇಕು. ಕಟ್ಟಿಯವರು ಮಣ್ಣನ್ನು ಆಳವಾಗಿ ತುಂಬಿ, ತಣಿಸಿ, ಬೇರೆ ಬೇರೆ ಆಳದಲ್ಲಿ ಅಳೆದಾಗ ಕಂಡದ್ದೇ ಬೇರೆ: ಮೇಲಿನ ಒಂದು ಮೀಟರಿನಷ್ಟರ ಕೆಳಗೆ ಉಬ್ಬು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಮಣ್ಣಿನ ಕಣಗಳ ಸುತ್ತ ಹಿಡಿದ ನೀರು ಅಲ್ಲಿ ಬಿಗಿಯಾದ ಬಂಧ ಹುಟ್ಟಿಸುತ್ತದೆ ಎಂದು ಅವರು ಅರ್ಥೈಸಿದರು. ಹಾಗಾದರೆ ಅಂಥದೇ ಬಂಧ ಕೊಡುವ, ತಾನು ಮಾತ್ರ ಉಬ್ಬದ ಮಣ್ಣನ್ನು ಮೇಲೆ ಹಾಸಿದರಾಯಿತು. ಪದರದ ಕಲ್ಪನೆ ಹೀಗೆ ಸಲಕರಣೆಯಿಂದಲೇ ಹೊರಟಿತು. 20 ಮಿಲಿಮೀಟರಿನ ಬಿಲ್ಲೆ ನೋಡುತ್ತ ಕುಳಿತವರಿಗೆ ಅದು ಹೊಳೆಯುವಂತಿರಲಿಲ್ಲ. 1978ರಲ್ಲಿ ಇಂಡಿಯನ್ ಜಿಯೊಟೆಕ್ನಿಕಲ್ ಸೊಸೈಟಿಯ ಮೊದಲ ವಾರ್ಷಿಕ ಉಪನ್ಯಾಸದಲ್ಲಿ ಅವರು ಆರಿಸಿಕೊಂಡ ವಿಷಯವೂ ಎರೆಮಣ್ಣಿನ ಸಮಸ್ಯೆಗಳೇ.

ಇಷ್ಟು ದೊಡ್ಡ ಸಲಕರಣೆ ತಾಲ್ಲೂಕು ಮಟ್ಟದಲ್ಲಿ ಯಾರಿಗೆ ಸಾಧ್ಯ ಎಂದು ಕೇಳಬಹುದು. ಎಲ್ಲೆಡೆ ಇಡಬೇಕಾಗಿಯೂ ಇಲ್ಲ. ಅದರ ಫಲ ಭಾರತೀಯ ಮಾನಕ 9451ರೊಳಗೆ ಸೇರಿದೆ. ದೊಡ್ಡ ಕಾಲುವೆಗಳಿಗೆ, ಉಬ್ಬುವ ಒತ್ತಡ ನೋಡಿಕೊಂಡು, 75 ಸೆಂಟಿಮೀಟರಿನಿಂದ 1 ಮೀಟರಿನವರೆಗೆ ಪದರದ ದಪ್ಪವನ್ನು ಅದು ಹೇಳುತ್ತದೆ. ಸ್ಥಳದಲ್ಲಿ ಮೊದಲ ಅಂದಾಜಿಗೆ 10 ಗ್ರಾಂನಂತೆ ಎರಡು ಪಾಲು ಮಣ್ಣು, ಎರಡು ಗಾಜಿನ ಅಳತೆ ಕೊಳವೆ, ಒಂದರಲ್ಲಿ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ ಸಾಕು.

ಹೆಚ್ಚು ತೂಕದ ಆಕ್ಷೇಪ ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಎಸ್. ಸುಬ್ಬರಾವ್ ಅವರಿಂದ. ತೊಯ್ಯುವುದು, ಒಣಗುವುದು ಮರುಕಳಿಸಿದಂತೆ ಪದರದ ಹಿಡಿತ ಸಡಿಲವಾಗುತ್ತದೆ, ಮೊದಲ ಸಲದ ಉಬ್ಬನ್ನು ತಡೆದಂತೆ ಮುಂದಿನವನ್ನು ತಡೆಯದು ಎಂದು ಅವರು ತೋರಿಸಿದರು. ಇದನ್ನು ಒಪ್ಪಲೇಬೇಕು. ವರ್ಷವಿಡೀ ನೀರು ನಿಂತ ಕಾಲುವೆಯಲ್ಲಿ ಇದರ ಬಾಧೆ ಕಡಿಮೆ. ನೀರು ಬಿಟ್ಟು ನಿಲ್ಲಿಸುವ ಕಾಲುವೆಯ ದಂಡೆಗೂ ಮನೆಯ ತಳಪಾಯಕ್ಕೂ ಇದು ನೇರ ತಾಗುತ್ತದೆ. ಆಳವನ್ನು ಹಿಡಿದ ಕಟ್ಟಿಯವರ ಪರೀಕ್ಷೆ ಋತುಮಾನವನ್ನು ಅಷ್ಟೇ ಗಟ್ಟಿಯಾಗಿ ಹಿಡಿಯಲಿಲ್ಲ.

ಪದರದ ಮಣ್ಣು ಸಿಗುವುದೆಲ್ಲಿ ಎಂಬ ಪ್ರಶ್ನೆಯೂ ಇದೆ. ಕಿತ್ತೂರಿನ ಕಡೆ ಕೆಂಪು ಮಸಾರಿ ಉಂಟು, ರಾಮದುರ್ಗದ ಮರಳುಗಲ್ಲಿನ ಗುಡ್ಡಗಳ ಬುಡದಲ್ಲಿ ಗರಸು ಉಂಟು. ಆದರೆ ಉಬ್ಬದಿದ್ದರಷ್ಟೇ ಸಾಲದು, ಅಂಟೂ ಬೇಕು. ಬರೀ ಮರಳಾದ ಗರಸು ನೀರನ್ನು ಎರೆಗೆ ಇಳಿಯಬಿಡುತ್ತದೆಯೇ ಹೊರತು ಕಟ್ಟಿಯವರು ಕಂಡ ಬಂಧವನ್ನು ಕೊಡದು. ಆದ್ದರಿಂದ ಮಲಪ್ರಭಾ ಕಾಲುವೆಗಳ ದುರಸ್ತಿ ಕೈಗೆತ್ತಿಕೊಳ್ಳುವವರು ಹಾಸುವ ಮಣ್ಣನ್ನು ಪ್ರತಿ ಗಣಿಯಿಂದ ತರಿಸಿ, ತೋಯಿಸಿ ಒಣಗಿಸುವ ಸುತ್ತುಗಳಲ್ಲಿ ಪರೀಕ್ಷಿಸಿದ ಮೇಲೆಯೇ ಟೆಂಡರು ಕರೆಯಬೇಕು.